ಕೈ ಚಲನೆಯ ಲೆಕ್ಕ, ಉಳಿದ ಹೊತ್ತಿನ ಪಾಲು

(ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕಗಳ ಮಾಲೀಕರು, ಟೈಲರ್‌ಗಳು ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೆ, ಹೊಲಿಗೆ ಕೆಲಸದ ಅಣ್ಣಂದಿರೆ, ಅಕ್ಕಂದಿರೆ, ವಿದ್ಯಾರ್ಥಿ ಮಿತ್ರರೆ,

ಕೆಲಸ ಮಾಡುವವರ ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಒಂದು ಕೈ ದುಡಿಯುವಾಗ ಇನ್ನೊಂದು ಕೈ ಏನು ಮಾಡುತ್ತಿರುತ್ತದೆ, ಒಂದು ಪೀಸ್ ಮುಗಿಯುವಷ್ಟರಲ್ಲಿ ಮೈ ಎಷ್ಟು ಸಲ ಬಾಗಿ ಏಳುತ್ತದೆ ಎಂಬುದನ್ನೆಲ್ಲ ಕಾಗದದ ಮೇಲೆ ಸಾಲಾಗಿ ಬರೆದು, ಅದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ವಿಚಾರಿಸುವ ವಿದ್ಯೆಯನ್ನು ಚಲನ ಅಧ್ಯಯನ ಎಂದು ಕರೆಯುತ್ತಾರೆ. ಇದಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಈ ಚರಿತ್ರೆಯಲ್ಲಿ ಜಾಣತನವೂ ಇದೆ, ಜಗಳವೂ ಇದೆ. ನಾನು ಇವತ್ತು ಎರಡನ್ನೂ ಹೇಳಬೇಕೆಂದಿದ್ದೇನೆ. ಏಕೆಂದರೆ ಜಾಣತನವನ್ನಷ್ಟೇ ಹೇಳಿದರೆ ಮಾಲೀಕರು ನಾಳೆಯೇ ಗಡಿಯಾರ ಹಿಡಿದು ಟೈಲರ್ ಬೆನ್ನ ಹಿಂದೆ ನಿಲ್ಲಬಹುದು; ಜಗಳವನ್ನಷ್ಟೇ ಹೇಳಿದರೆ ದುಡಿಯುವವರ ಬೆನ್ನುನೋವನ್ನು ನಿಜವಾಗಿ ಕಡಿಮೆ ಮಾಡಬಲ್ಲ ಒಂದು ಸಾಧನವನ್ನು ನಾವೇ ದೂರ ತಳ್ಳಿದಂತಾಗುತ್ತದೆ.

ಚಲನ ಅಧ್ಯಯನ ಹುಟ್ಟಿದ್ದು ಗಾರೆ ಕೆಲಸದಲ್ಲಿ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ 1885ರಲ್ಲಿ, ತಮ್ಮ 17ನೇ ವಯಸ್ಸಿನಲ್ಲಿ, ಇಟ್ಟಿಗೆ ಕಟ್ಟುವುದನ್ನು ಕಲಿಯಲು ಸೇರಿದರು. ಕಲಿಸುವ ಮೇಸ್ತ್ರಿಗಳು ಹೇಳಿಕೊಡುವಾಗ ಒಂದು ರೀತಿ ಕೈ ಆಡಿಸುತ್ತಿದ್ದರು, ಅವಸರದಲ್ಲಿ ಕಟ್ಟುವಾಗ ಇನ್ನೊಂದು ರೀತಿ, ನಿಧಾನವಾಗಿ ಕಟ್ಟುವಾಗ ಮತ್ತೊಂದು ರೀತಿ. ಹಾಗಾದರೆ ಇವುಗಳಲ್ಲಿ ಸರಿಯಾದದ್ದು ಯಾವುದು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಒಂದೊಂದು ಚಲನೆಯನ್ನೂ ಬಿಡಿಸಿ ನೋಡಿದಾಗ ಒಂದು ಇಟ್ಟಿಗೆ ಇಡಲು 18 ಚಲನೆಗಳು ಬೇಕಾಗುತ್ತಿದ್ದವು. ಅವರು ಅದನ್ನು 5ಕ್ಕೆ ಇಳಿಸಿದರು. ಗಂಟೆಗೆ 120 ಇಟ್ಟಿಗೆ ಕಟ್ಟುತ್ತಿದ್ದ ಕಡೆ 350 ಇಟ್ಟಿಗೆ ಕಟ್ಟುವಂತಾಯಿತು.

ಈ ಅಂಕಿಗಳು ಬಹಳ ಪ್ರಸಿದ್ಧವಾದವು, ಆದರೆ ಅವು ಹೇಗೆ ಬಂದವು ಎಂಬುದನ್ನು ಗಮನಿಸುವವರು ಕಡಿಮೆ. ಗಿಲ್‌ಬ್ರೆತ್ ಕೆಲಸಗಾರರಿಗೆ ಬೇಗ ಬೇಗ ಕಟ್ಟಿ ಎಂದು ಹೇಳಲಿಲ್ಲ. ಇಟ್ಟಿಗೆ ನೆಲದ ಮೇಲೆ ಬಿದ್ದಿದ್ದರೆ, ಎರಡು ಮೂರು ಕೆ.ಜಿ. ತೂಕದ ಒಂದೊಂದು ಇಟ್ಟಿಗೆಗೂ ಮನುಷ್ಯ ತನ್ನ ಸೊಂಟದ ಮೇಲಿನ ಮೈಯನ್ನೆಲ್ಲ ಇಳಿಸಿ ಎತ್ತಬೇಕಾಗುತ್ತದೆ ಎಂಬುದನ್ನು ಅವರು ಕಂಡರು. ಗೋಡೆ ಏರಿದಂತೆ ತಾನೂ ಏರುವ ಅಟ್ಟಣೆಯನ್ನು ಮಾಡಿಸಿ, ಇಟ್ಟಿಗೆಯೂ ಗಾರೆಯೂ ಸದಾ ಕೈಯ ಮಟ್ಟದಲ್ಲಿಯೇ ಇರುವಂತೆ ನೋಡಿಕೊಂಡರು. ಇಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ಒಳ್ಳೆಯ ಮುಖ ಹುಡುಕುವ ಕೆಲಸ ಮೇಸ್ತ್ರಿಗೆ ಬೀಳದಂತೆ, ಸಹಾಯಕರು ಮೊದಲೇ ಆರಿಸಿ ಜೋಡಿಸಿ ತಂದಿಡುವ ವ್ಯವಸ್ಥೆ ಮಾಡಿದರು. ಗಾರೆಯ ಹದವನ್ನು ಸರಿಮಾಡಿದ ಮೇಲೆ ಇಟ್ಟಿಗೆಯನ್ನು ಕರಣೆಯಿಂದ ತಟ್ಟಿ ಕೂರಿಸುವ ಅಗತ್ಯವೂ ಉಳಿಯಲಿಲ್ಲ. ಹೋದ 13 ಚಲನೆಗಳಲ್ಲಿ ಹೆಚ್ಚಿನವು ಮೇಸ್ತ್ರಿಯ ಸೋಮಾರಿತನದಿಂದ ಬಂದವಲ್ಲ. ಸಾಮಾನನ್ನು ಇಟ್ಟ ಜಾಗದಿಂದ, ಇಟ್ಟ ರೀತಿಯಿಂದ ಬಂದವು. ಚಲನೆಯ ಚಾರ್ಟ್ ಅಳೆಯುವುದು ಮುಖ್ಯವಾಗಿ ಕೆಲಸದ ಜಾಗವನ್ನು, ಕೆಲಸಗಾರರನ್ನಲ್ಲ. ನನ್ನ ಉಳಿದ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಅದೇ ಕಾಲದಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಅವರು ಗಡಿಯಾರದ ದಾರಿ ಹಿಡಿದಿದ್ದರು. ಕೆಲಸವನ್ನು ತುಂಡುಮಾಡಿ, ಪ್ರತಿ ತುಂಡಿಗೂ ಸ್ಟಾಪ್‌ವಾಚ್‌ನಿಂದ ಹೊತ್ತು ನಿಗದಿ ಮಾಡಿ, ಆ ಹೊತ್ತಿನಲ್ಲಿ ಮುಗಿಸಿದವರಿಗೆ ಹೆಚ್ಚು ಕೂಲಿ ಕೊಡುವುದು ಅವರ ಪದ್ಧತಿ. 1911ರ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಗಾರದ ಎರಕದ ಕೆಲಸಗಾರರು ಈ ಗಡಿಯಾರವನ್ನು ಒಪ್ಪದೆ ಕೆಲಸ ಬಿಟ್ಟು ಹೊರನಡೆದರು. ಅಮೆರಿಕದ ಸಂಸತ್ತು ಸಮಿತಿ ನೇಮಿಸಿ ವಿಚಾರಣೆ ನಡೆಸಿತು. ಮುಂದೆ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಹಿಡಿಯುವುದಕ್ಕೇ ಕಾನೂನಿನ ತಡೆ ಬಂತು. ಆ ಕೆಲಸಗಾರರ ಕೋಪ ಅವಿವೇಕದ್ದಾಗಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ. ತಮ್ಮ ಕೆಲಸವನ್ನು ತಮ್ಮನ್ನು ಕೇಳದೆ ಅಳೆದು, ತಮ್ಮ ಮೇಲೆಯೇ ಹೇರಿದಾಗ ಯಾರೂ ಸುಮ್ಮನಿರುವುದಿಲ್ಲ.

ಫ್ರಾಂಕ್ ಗಿಲ್‌ಬ್ರೆತ್ ಮತ್ತು ಅವರ ಪತ್ನಿ ಲಿಲಿಯನ್ ಕ್ರಮೇಣ ಟೇಲರ್ ಪದ್ಧತಿಯಿಂದ ದೂರ ಸರಿದರು. ಲಿಲಿಯನ್ ಅವರು ಮನಶ್ಶಾಸ್ತ್ರ ಓದಿದವರು, 1915ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ಕೆಲಸಗಾರರಿಗೆ ಆಯಾಸ ಏಕಾಗುತ್ತದೆ, ಬೇಸರ ಏಕಾಗುತ್ತದೆ ಎಂಬ ಪ್ರಶ್ನೆಯನ್ನು ಈ ವಿದ್ಯೆಯೊಳಗೆ ಗಟ್ಟಿಯಾಗಿ ತಂದದ್ದು ಅವರು. 1924ರಲ್ಲಿ ಪತಿ ತೀರಿಕೊಂಡ ಮೇಲೆ, ದೊಡ್ಡ ಸಂಸಾರವನ್ನು ನಡೆಸುತ್ತಲೇ ಈ ಕೆಲಸವನ್ನು ಮುಂದುವರಿಸಿ, ಅಡುಗೆಮನೆಯ ಜೋಡಣೆಗೂ ಅಂಗವಿಕಲರ ಉದ್ಯೋಗಕ್ಕೂ ಅದನ್ನು ವಿಸ್ತರಿಸಿದರು.

ಈ ದಂಪತಿ ಕೈ ಕೆಲಸವನ್ನೆಲ್ಲ ಸುಮಾರು 17–18 ಮೂಲ ಘಟಕಗಳಾಗಿ ಒಡೆದು, ತಮ್ಮ ಮನೆತನದ ಹೆಸರನ್ನೇ ಹಿಂದುಮುಂದು ಮಾಡಿ ಅವುಗಳಿಗೆ ಥರ್ಬ್ಲಿಗ್ ಎಂದು ಕರೆದರು. ಹುಡುಕುವುದು, ಆರಿಸುವುದು, ಬರಿಗೈ ಚಾಚುವುದು, ಹಿಡಿಯುವುದು, ಹೊತ್ತ ಕೈ ಸಾಗುವುದು, ಸರಿಯಾಗಿ ಕೂರಿಸುವುದು, ಜೋಡಿಸುವುದು, ಬಿಡುವುದು, ಪರೀಕ್ಷಿಸುವುದು, ಯೋಚಿಸುವುದು, ಸುಮ್ಮನೆ ಹಿಡಿದುಕೊಂಡಿರುವುದು, ಕಾಯುವುದು ಮೊದಲಾದವು ಇದರಲ್ಲಿ ಬರುತ್ತವೆ. ಇವುಗಳಲ್ಲಿ ವಸ್ತುವಿಗೆ ನಿಜವಾಗಿ ರೂಪ ಕೊಡುವವು ಒಂದೆರಡೇ. ಉಳಿದವು ಅದಕ್ಕೆ ದಾರಿ ಮಾಡುವವು ಅಥವಾ ಅಡ್ಡಿಯಾಗುವವು.

ಇವನ್ನು ಬರಿಗಣ್ಣಿಗೆ ಹಿಡಿಯುವುದು ಕಷ್ಟವಾದ್ದರಿಂದ ಅವರು 1912ರ ಹೊತ್ತಿಗೆ ಸಿನಿಮಾ ಕ್ಯಾಮೆರಾ ಬಳಸತೊಡಗಿದರು. ಒಂದು ನಿಮಿಷವನ್ನು 2000 ಭಾಗ ಮಾಡಿ ತೋರಿಸುವ ಗಡಿಯಾರವನ್ನು ಕೆಲಸಗಾರರ ಪಕ್ಕದಲ್ಲಿಯೇ ಇಟ್ಟು ಚಿತ್ರ ತೆಗೆಯುತ್ತಿದ್ದರು. ಒಂದು ಭಾಗವೆಂದರೆ 0.03 ಸೆಕೆಂಡ್. ಇಂದು ನಿಮ್ಮ ಮೊಬೈಲಿನ ಸಾಧಾರಣ ವಿಡಿಯೊ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಅಂದರೆ ಒಂದು ಚಿತ್ರಕ್ಕೆ ಸುಮಾರು 0.033 ಸೆಕೆಂಡ್. ಗಿಲ್‌ಬ್ರೆತ್ ದಂಪತಿ ವಿಶೇಷ ಉಪಕರಣ ಮಾಡಿಸಿಕೊಂಡು ಪಡೆದ ಸೂಕ್ಷ್ಮತೆಗೆ ಹತ್ತಿರದ್ದು ಇಲ್ಲಿ ಕುಳಿತಿರುವ ಬಹುಪಾಲು ಜನರ ಜೇಬಿನಲ್ಲಿದೆ. ಯಂತ್ರವಿಲ್ಲ, ಹಣವಿಲ್ಲ ಎಂಬ ಕಾರಣ ಬಳ್ಳಾರಿಯ ಸಣ್ಣ ಘಟಕಕ್ಕೂ ಈಗ ಅನ್ವಯಿಸುವುದಿಲ್ಲ.

ಈಗ ನಮ್ಮ ಊರಿನ ಕೆಲಸಕ್ಕೆ ಬರೋಣ. ಜೀನ್ಸ್ ಪ್ಯಾಂಟಿಗೆ ಹಿಂದಿನ ಜೇಬು ಹಚ್ಚುವುದನ್ನು ತೆಗೆದುಕೊಳ್ಳಿ. ಒಂದು ಹಾಳೆಯ ನಡುವೆ ಗೀಟು ಎಳೆದು, ಒಂದು ಕಡೆ ಎಡಗೈ, ಇನ್ನೊಂದು ಕಡೆ ಬಲಗೈ ಎಂದು ಬರೆಯಿರಿ. ಇದು ಎರಡು ಕೈಗಳ ಚಾರ್ಟ್. ಎಡಗೈ ನೆಲದ ಮೇಲಿನ ಬಂಡಲಿಗೆ ಚಾಚುತ್ತದೆ, ಆಗ ಬಲಗೈ ಖಾಲಿ. ಎಡಗೈ ಹಿಂಭಾಗದ ಪೀಸನ್ನು ಎತ್ತಿ ಮಷಿನ್ ಮೇಲೆ ಹರಡುತ್ತದೆ, ಬಲಗೈ ಸರಿಪಡಿಸುತ್ತದೆ. ಬಲಗೈ ಜೇಬಿನ ರಾಶಿಗೆ ಹೋಗಿ, ಒಂದನ್ನು ಬಿಡಿಸಿ, ಮೇಲು ಯಾವುದು ಕೆಳಗು ಯಾವುದು ಎಂದು ತಿರುಗಿಸಿ ನೋಡುತ್ತದೆ. ಅಷ್ಟು ಹೊತ್ತೂ ಎಡಗೈ ಬಟ್ಟೆಯನ್ನು ಸುಮ್ಮನೆ ಒತ್ತಿ ಹಿಡಿದಿರುತ್ತದೆ. ಗುರುತಿನ ಮೇಲೆ ಜೇಬನ್ನು ಕೂರಿಸುವುದು ಎರಡೂ ಕೈಗಳ ಕೆಲಸ. ಅದಾದ ಮೇಲೆ ಹೊಲಿಗೆ, ಮೂಲೆಗೆ ಬಂದಾಗ ನಿಲ್ಲಿಸಿ ತಿರುಗಿಸುವುದು, ಮತ್ತೆ ಹೊಲಿಗೆ. ಕೊನೆಗೆ ಕತ್ತರಿ ಹುಡುಕುವುದು, ದಾರ ಕತ್ತರಿಸುವುದು, ಕತ್ತರಿ ಇಡುವುದು, ಪೀಸನ್ನು ಪಕ್ಕಕ್ಕೆ ಮಡಚಿ ಇಡುವುದು.

ಹೀಗೆ ಬರೆದು ಮುಗಿಸಿದಾಗ ಬಹುತೇಕ ಎಲ್ಲರೂ ಬೆರಗಾಗುವ ಸಂಗತಿಯೊಂದಿದೆ. ಸೂಜಿ ಓಡುವ ಸಾಲುಗಳು ಆ ಹಾಳೆಯಲ್ಲಿ ಕೆಲವೇ. ಮಿಕ್ಕ ಸಾಲುಗಳೆಲ್ಲ ಎತ್ತುವ, ಹುಡುಕುವ, ಹಿಡಿದಿರುವ, ಇಡುವ ಸಾಲುಗಳು. ಹಾಗಿರುವಾಗ ಇನ್ನೂ ವೇಗದ ಮೋಟಾರ್ ಹಾಕಿಸುವುದರಿಂದ ಸಿಗುವ ಲಾಭ ಸಣ್ಣದು. ಬಂಡಲನ್ನು ನೆಲದಿಂದ ಎತ್ತಿ ಮಷಿನ್ ಮಟ್ಟದ ಸ್ಟ್ಯಾಂಡಿನ ಮೇಲಿಟ್ಟರೆ ಬಾಗುವುದು ತಪ್ಪುತ್ತದೆ. ಒಂದು ಪೀಸಿಗೆ ಬಾಗಿ ಏಳಲು 3 ಸೆಕೆಂಡ್ ಎಂದು ಇಟ್ಟುಕೊಂಡರೂ, 400 ಪೀಸಿಗೆ 20 ನಿಮಿಷವಾಯಿತು. 20 ನಿಮಿಷಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು 400 ಸಲ ಸೊಂಟ ಬಾಗುವುದು ತಪ್ಪಿತೆಂಬುದು. ಜೇಬುಗಳನ್ನು ಕಟಿಂಗ್ ಟೇಬಲ್‌ನಲ್ಲಿಯೇ ಒಂದೇ ಮುಖವಾಗಿ ಜೋಡಿಸಿ ಕಟ್ಟಿದರೆ ತಿರುಗಿಸಿ ನೋಡುವ ಸಾಲು ಅಳಿಸಿಹೋಗುತ್ತದೆ. ಕತ್ತರಿಯನ್ನು ಒಂದು ದಾರದಲ್ಲಿ ಬಲಗೈ ಬಳಿ ತೂಗುಹಾಕಿದರೆ ಹುಡುಕುವ ಸಾಲು ಇಲ್ಲ. ಮುಗಿದ ಪೀಸನ್ನು ಕೈ ಚಾಚಿ ಇಡುವ ಬದಲು ತಾನೇ ಜಾರಿ ಬೀಳುವಂತೆ ಒಂದು ಇಳಿಜಾರು ಹಲಗೆ ಸಾಕು.

ಹುಡುಕುವುದಕ್ಕೆ ನಿಜವಾಗಿ ಎಷ್ಟು ಬೆಲೆ ತೆರುತ್ತೇವೆ ಎಂಬುದಕ್ಕೆ ಪ್ರಕಟವಾದ ಲೆಕ್ಕವೇ ಇದೆ. 1948ರಲ್ಲಿ ಮೇನಾರ್ಡ್, ಸ್ಟೆಗೆಮರ್ಟನ್, ಶ್ವಾಬ್ ಎಂಬ ಮೂವರು ಕೈ ಚಲನೆಗಳಿಗೆ ಮೊದಲೇ ಹೊತ್ತು ನಿಗದಿಪಡಿಸಿದ ಎಂಟಿಎಂ ಎಂಬ ಕೋಷ್ಟಕವನ್ನು ಹೊರತಂದರು. ಅದರ ಅಳತೆಯ ಒಂದು ಮಾನ ಗಂಟೆಯ ಲಕ್ಷದ ಒಂದು ಭಾಗ, ಅಂದರೆ 0.036 ಸೆಕೆಂಡ್. 12 ಇಂಚು ದೂರದಲ್ಲಿ ಸದಾ ಒಂದೇ ಜಾಗದಲ್ಲಿ ಇರುವ ವಸ್ತುವಿಗೆ ಕೈ ಚಾಚಲು 9.6 ಮಾನ, ಬಿಡಿಯಾಗಿ ಇರುವ ಅದನ್ನು ಹಿಡಿಯಲು 2 ಮಾನ. ಅದೇ ವಸ್ತು ಡಬ್ಬಿಯಲ್ಲಿ ಇತರ ವಸ್ತುಗಳೊಡನೆ ಕಲಸಿಕೊಂಡಿದ್ದರೆ ಚಾಚಲು 14.2, ರಿವಿಟ್‌ನಂಥ ಸಣ್ಣದನ್ನು ಆರಿಸಿ ಹಿಡಿಯಲು 9.1. ಮೊದಲನೆಯದರ ಮೊತ್ತ 11.6, ಎರಡನೆಯದರದ್ದು 23.3. ದೂರ ಅಷ್ಟೇ, ಕೈ ಅದೇ, ಮನುಷ್ಯ ಅದೇ. ರಿವಿಟ್‌ಗಳನ್ನು ಡಬ್ಬಿಯಲ್ಲಿ ಸುರಿದಿಟ್ಟಿದ್ದಕ್ಕೆ ಹೊತ್ತು ಎರಡು ಪಟ್ಟಾಯಿತು. ಡಬ್ಬಿಯಲ್ಲಿ ಸುರಿದಿಡುವ ತೀರ್ಮಾನ ಸಾಮಾನ್ಯವಾಗಿ ಮಷಿನ್ ಮುಂದೆ ಕುಳಿತವರದ್ದಾಗಿರುವುದಿಲ್ಲ.

ಒಬ್ಬರ ಕೈಯಿಂದ ಹೊರಬಂದು ಇಡೀ ಘಟಕವನ್ನು ನೋಡಬೇಕಾದಾಗ ಬೇರೆ ಚಾರ್ಟ್ ಬೇಕು. ಗಿಲ್‌ಬ್ರೆತ್ ದಂಪತಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಮಂಡಿಸಿದ ಕಾರ್ಯಹರಿವಿನ ಚಾರ್ಟ್ ಅದು. ಅದರ ಈಗಿನ ರೂಪದಲ್ಲಿ ವೃತ್ತ ಎಂದರೆ ಕೆಲಸ, ಬಾಣ ಎಂದರೆ ಸಾಗಣೆ, ಚೌಕ ಎಂದರೆ ಪರೀಕ್ಷೆ, ತ್ರಿಕೋನ ಎಂದರೆ ದಾಸ್ತಾನು. ಕಾಯುವಿಕೆಗೆ ಇನ್ನೊಂದು ಗುರುತಿದೆ. ಬಳ್ಳಾರಿಯಲ್ಲಿ ಕಟಿಂಗ್ ಒಂದು ಕಡೆ, ಹೊಲಿಗೆ ಹಲವು ಮನೆಗಳಲ್ಲಿ, ವಾಷಿಂಗ್ ಊರಿನ ಇನ್ನೊಂದು ಮಗ್ಗುಲಲ್ಲಿ, ಗುಂಡಿ ಹಚ್ಚುವುದು ಮತ್ತು ದಾರ ಕತ್ತರಿಸುವುದು ಮತ್ತೊಂದು ಕಡೆ ನಡೆಯುವುದುಂಟು. ಒಂದು ಪ್ಯಾಂಟಿನ ಚಾರ್ಟ್ ಬರೆದರೆ ಬಾಣಗಳೂ ಕಾಯುವಿಕೆಯ ಗುರುತುಗಳೂ ವೃತ್ತಗಳನ್ನು ಮುಚ್ಚಿಹಾಕುತ್ತವೆ. ಟೈಲರ್ ಒಂದು ಪೀಸಿನಲ್ಲಿ ಐದು ಸೆಕೆಂಡ್ ಉಳಿಸಿ, ಆ ಬಂಡಲ್ ವಾಷಿಂಗಿಗೆ ಹೋಗಲು ಎರಡು ದಿನ ಮೂಲೆಯಲ್ಲಿ ಬಿದ್ದಿದ್ದರೆ, ಮೊದಲು ನೋಡಬೇಕಾದದ್ದು ಯಾವುದೆಂದು ಚಾರ್ಟೇ ಹೇಳುತ್ತದೆ.

ಒಳಗಿನ ಓಡಾಟಕ್ಕೆ ದಾರದ ನಕ್ಷೆ ಎಂಬ ಸರಳ ಉಪಾಯವಿದೆ. ಕೋಣೆಯ ನಕ್ಷೆಯನ್ನು ಅಳತೆಗೆ ಸರಿಯಾಗಿ ಬರೆದು, ಥರ್ಮೋಕೋಲ್ ಮೇಲೆ ಅಂಟಿಸಿ, ಪ್ರತಿ ಮಷಿನ್ ಇರುವ ಕಡೆ ಒಂದು ಗುಂಡುಸೂಜಿ ಚುಚ್ಚಿ, ಹೆಲ್ಪರ್ ನಡೆದ ಹಾಗೆಲ್ಲ ಸೂಜಿಯಿಂದ ಸೂಜಿಗೆ ದಾರ ಸುತ್ತುತ್ತಾ ಹೋಗಬೇಕು. ಕೊನೆಗೆ ದಾರ ಅಳೆದರೆ ನಡೆದ ದೂರ ಸಿಗುತ್ತದೆ, ದಾರ ದಟ್ಟವಾದ ಕಡೆ ಯಾವ ಎರಡು ಮಷಿನ್‌ಗಳನ್ನು ಹತ್ತಿರ ತರಬೇಕೆಂದು ಕಣ್ಣಿಗೇ ಕಾಣುತ್ತದೆ. ವಿದ್ಯಾರ್ಥಿಗಳು ಇದನ್ನು ಮೊದಲು ಮಾಡಲಿ ಎಂದು ನಾನು ಬಯಸುತ್ತೇನೆ.

ಹೊಲಿಗೆಯಿಂದ ಸ್ವಲ್ಪ ಹೊತ್ತು ಭತ್ತದ ಕಡೆಗೆ ತಿರುಗುತ್ತೇನೆ. ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಭತ್ತದ ದರ ಹೇಳುವುದು 75 ಕೆ.ಜಿ. ಚೀಲಕ್ಕೆ. ಆ ಚೀಲವನ್ನು ಬೆನ್ನಿಗೆ ಹಾಕಿಕೊಳ್ಳುವವರು ಹಮಾಲರು. ಟೇಲರ್ ಅವರ ಅತಿ ಪ್ರಸಿದ್ಧ ಪ್ರಸಂಗವೂ ಹೊರೆ ಹೊರುವವರದ್ದೇ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ 12.5 ಟನ್ ಬೀಡುಕಬ್ಬಿಣದ ಗಟ್ಟಿ ಹೊರುತ್ತಿದ್ದವನು 47.5 ಟನ್ ಹೊತ್ತನೆಂದೂ, ಅವನ ಕೂಲಿ 1.15 ಡಾಲರ್‌ನಿಂದ 1.85 ಡಾಲರ್‌ಗೆ ಏರಿತೆಂದೂ ಅವರು ಬರೆದರು. ಆ ವರದಿಯಲ್ಲಿ ಕಟ್ಟುಕತೆ ಬೆರೆತಿದೆ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಅವರ ಮಾತನ್ನೇ ಹಿಡಿದರೂ ದುಡಿಮೆ 3.8 ಪಟ್ಟು, ಕೂಲಿ 1.6 ಪಟ್ಟು. ಆದರೆ ಅದೇ ಬರಹದಲ್ಲಿ ಜನ ಮರೆತುಬಿಡುವ ಇನ್ನೊಂದು ಸಂಗತಿಯಿದೆ. 92 ಪೌಂಡ್, ಅಂದರೆ ಸುಮಾರು 42 ಕೆ.ಜಿ. ಹೊರುವವನು ದಿನದಲ್ಲಿ ನೂರಕ್ಕೆ 43 ಪಾಲು ಹೊತ್ತು ಮಾತ್ರ ಹೊರೆಯ ಕೆಳಗಿರಬಹುದು, ಉಳಿದ 57 ಪಾಲು ಮೈ ಹಗುರವಾಗಿರಬೇಕು ಎಂದು ಟೇಲರ್ ಅವರೇ ಹೇಳಿದ್ದಾರೆ.

42 ಕೆ.ಜಿ.ಗೆ ಈ ಮಾತು. ನಮ್ಮ ಚೀಲ 75. ಒಬ್ಬ ವಯಸ್ಕ ಪುರುಷ ಹೊರುವ ಭಾರ 55 ಕೆ.ಜಿ. ಮೀರಿದ್ದರೆ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿಯೇ ಶಿಫಾರಸು ಮಾಡಿದೆ. ಹಮಾಲರ ಕೆಲಸಕ್ಕೆ ಚಾರ್ಟ್ ಬರೆಯುವವರು ಮೊದಲ ಸಾಲಿನಲ್ಲಿಯೇ ಚೀಲದ ತೂಕವನ್ನು ಪ್ರಶ್ನಿಸಬೇಕು. ಲಾರಿಯ ಹಲಗೆಯ ಎತ್ತರ, ಗೋದಾಮಿನ ಮೆಟ್ಟಿಲು, ಚೀಲ ಎಷ್ಟು ಸಲ ನೆಲಕ್ಕಿಳಿದು ಮತ್ತೆ ಬೆನ್ನಿಗೇರುತ್ತದೆ ಎಂಬುದೆಲ್ಲ ಆಮೇಲಿನದು. ತೂಕದ ಕಾಟಾವನ್ನು ಲಾರಿ ನಿಲ್ಲುವ ಜಾಗದ ಮಗ್ಗುಲಿಗೇ ತಂದರೆ ಒಂದು ಇಳಿಸು, ಒಂದು ಏರಿಸು ತಪ್ಪುತ್ತದೆ, 75 ಕೆ.ಜಿ.ಯ ಒಂದು ಏರಿಸು ತಪ್ಪುವುದು ಸಣ್ಣ ಲಾಭವಲ್ಲ.

ಎಲ್ಲ ಕೆಲಸಕ್ಕೂ ಈ ಚಾರ್ಟ್ ಒಗ್ಗುವುದಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರದ ಗೊಂಬೆಗೆ ಬಣ್ಣ ಹಾಕುವ ಕಲಾವಿದರು ಕುಂಚ ಹಿಡಿದು ಒಂದು ಗಳಿಗೆ ನಿಂತರೆ ಅದನ್ನು ಕಾಯುವಿಕೆ ಎಂದು ಬರೆಯುವುದು ತಪ್ಪು.

ಇನ್ನೊಂದು ಎಚ್ಚರಿಕೆಯನ್ನು ನಾನು ಒತ್ತಿ ಹೇಳಬೇಕಾಗಿದೆ. ಗಿಲ್‌ಬ್ರೆತ್ ದಂಪತಿಯ ಮೂಲ ಘಟಕಗಳ ಪಟ್ಟಿಯಲ್ಲಿ ದಣಿವಾರಿಸಿಕೊಳ್ಳುವ ವಿಶ್ರಾಂತಿಯೂ ಒಂದು. ಅದು ಕೆಲಸದ ಹೊರಗಿನದಲ್ಲ, ಒಳಗಿನದು. ನಡೆಯುವುದು, ಬಾಗುವುದು, ಚಾಚುವುದು ಎಲ್ಲವನ್ನೂ ತೆಗೆದುಹಾಕಿ ಟೈಲರನ್ನು ಕುರ್ಚಿಗೆ ಕಟ್ಟಿಹಾಕಿದಂತೆ ಕೂರಿಸಿದರೆ, ಹಿಂದೆ ಹಲವು ಸ್ನಾಯುಗಳು ಹಂಚಿಕೊಂಡಿದ್ದ ಭಾರ ಈಗ ಒಂದೇ ಮಣಿಕಟ್ಟಿನ ಮೇಲೆ, ಒಂದೇ ಭುಜದ ಮೇಲೆ ಬೀಳುತ್ತದೆ. ಡೆನಿಮ್ ದಪ್ಪ ಬಟ್ಟೆ; ನಾಲ್ಕಾರು ಪದರ ಸೇರುವ ಕಡೆ ಅದನ್ನು ಸೂಜಿಯ ಕೆಳಗೆ ತಳ್ಳಲು ಬಲ ಬೇಕು. ಎರಡು ಕೈಗಳ ಚಾರ್ಟ್ ಕೈ ಎಲ್ಲಿ ಹೋಯಿತೆಂದು ತೋರಿಸುತ್ತದೆಯೇ ಹೊರತು ಎಷ್ಟು ಒತ್ತಿತೆಂದು ತೋರಿಸುವುದಿಲ್ಲ. ಆದ್ದರಿಂದ ಚಾರ್ಟಿನ ಅಂಚಿನಲ್ಲಿ ಇನ್ನೊಂದು ಕಾಲಂ ಇರಲಿ, ಎಲ್ಲಿ ನೋಯುತ್ತದೆ ಎಂದು ಕೆಲಸ ಮಾಡುವವರೇ ಅದರಲ್ಲಿ ಹೇಳಲಿ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಇಸ್ತ್ರಿಯ ಬಿಸಿ ಪಕ್ಕದಲ್ಲಿರುವಾಗ, ಡಿಸೆಂಬರಿನಲ್ಲಿ ಅಳೆದ ಹೊತ್ತನ್ನು ಹಿಡಿದು ಲೆಕ್ಕ ಕೇಳುವುದು ಅನ್ಯಾಯ. ವಿಶ್ರಾಂತಿಯ ಪಾಲನ್ನು ಬೇಸಿಗೆಯಲ್ಲಿ ಹೆಚ್ಚಿಸಲೇಬೇಕು.

ಇನ್ನು ಹಣದ ಮಾತು. ಇಲ್ಲಿ ಹೆಚ್ಚಿನವರದ್ದು ಪೀಸ್ ರೇಟ್. ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಪೀಸಿಗೆ 10 ರೂಪಾಯಿ, ದಿನಕ್ಕೆ 60 ಪೀಸ್, 600 ರೂಪಾಯಿ ಎಂದು ಇಟ್ಟುಕೊಳ್ಳೋಣ. ಚಾರ್ಟ್ ಬರೆದು ಜಾಗ ಸರಿಮಾಡಿದ ಮೇಲೆ 75 ಪೀಸ್ ಆಯಿತು, 750 ರೂಪಾಯಿ. ಆಗ ಮಾಲೀಕರು, ಈಗ ಕೆಲಸ ಸುಲಭವಾಯಿತಲ್ಲ ಎಂದು ರೇಟನ್ನು 8 ರೂಪಾಯಿಗೆ ಇಳಿಸಿದರೆ ಕೂಲಿ ಮತ್ತೆ 600. ಟೈಲರ್ 15 ಪೀಸ್ ಹೆಚ್ಚು ಹೊಲಿದು ಹಳೆಯ ಕೂಲಿಗೇ ಬಂದು ನಿಂತರು. ಒಮ್ಮೆ ಹೀಗಾದ ಘಟಕದಲ್ಲಿ ಮತ್ತೆ ಯಾರೂ ತಮ್ಮ ಕೈಚಳಕವನ್ನು ಚಾರ್ಟ್ ಬರೆಯುವವರ ಮುಂದೆ ತೋರಿಸುವುದಿಲ್ಲ, ತೋರಿಸಬೇಕಾಗಿಯೂ ಇಲ್ಲ. ರೇಟ್ ಇಳಿಸದಿದ್ದರೂ ಮಾಲೀಕರಿಗೆ ಲಾಭವಿದೆ: ಅದೇ ಬಾಡಿಗೆ, ಅದೇ ಮಷಿನ್, ಬಟ್ಟೆಗೆ ಹಾಕಿದ ಸಾಲದ ಅದೇ ಬಡ್ಡಿ ಈಗ 60ರ ಬದಲು 75 ಪೀಸಿಗೆ ಹಂಚಿಹೋಗುತ್ತದೆ, ಆರ್ಡರ್ ಬೇಗ ಮುಗಿಯುತ್ತದೆ. ಆದ್ದರಿಂದ ಅಧ್ಯಯನ ತೊಡಗುವ ಮೊದಲೇ, ಇದರಿಂದ ರೇಟ್ ಇಳಿಯುವುದಿಲ್ಲ ಎಂದು ಬರೆದು ಗೋಡೆಗೆ ಹಚ್ಚಬೇಕು ಎಂದು ನಾನು ಮಾಲೀಕರನ್ನು ಕೇಳಿಕೊಳ್ಳುತ್ತೇನೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರು 1952ರಲ್ಲಿ ಭಾರತಕ್ಕೆ ಬಂದು ಜವಳಿ ಗಿರಣಿಗಳಲ್ಲಿಯೂ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿಯೂ ಈ ವಿದ್ಯೆಯನ್ನು ತೋರಿಸಿದರು. 1958ರಲ್ಲಿ ನಮ್ಮದೇ ರಾಷ್ಟ್ರೀಯ ಉತ್ಪಾದಕತಾ ಮಂಡಳಿ ಸ್ಥಾಪನೆಯಾಯಿತು. ದೊಡ್ಡ ಕಾರ್ಖಾನೆಗಳಿಗೆ ಈ ವಿದ್ಯೆ ತಲುಪಿದೆ. ಹತ್ತು ಮಷಿನ್‌ಗಳ ಘಟಕಕ್ಕೆ, ಮನೆಯ ಪಡಸಾಲೆಯಲ್ಲಿ ಗುಂಡಿ ಹಚ್ಚುವ ಅಕ್ಕನಿಗೆ ಇನ್ನೂ ತಲುಪಬೇಕಾಗಿದೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: “ಸರ್, ಬಂಡಲ್ ಹೊತ್ತು ಓಡಾಡೋದೇ ನಮ್ಮ ಕೆಲಸ. ಮಷಿನ್ ಎಲ್ಲಾ ಹತ್ತಿರ ಹತ್ತಿರ ಇಟ್ಟುಬಿಟ್ರೆ ನಮಗೇನು ಉಳೀತದೆ?” ಉಪನ್ಯಾಸದಲ್ಲಿ ನಾನು ಹೇಳದೆ ಬಿಟ್ಟಿದ್ದರೂ ಹೇಳಲೇಬೇಕಾಗಿದ್ದ ವಿಷಯವಿದು, ಹೆಲ್ಪರ್‌ಗಳ ನಡಿಗೆಯೇ ಚಾರ್ಟ್‌ನಲ್ಲಿ ಮೊದಲು ಅಳಿಸಿಹೋಗುವುದು. ನಾನು ಕೊಟ್ಟ ಉತ್ತರ ಇಷ್ಟು. ಗಿಲ್‌ಬ್ರೆತ್ ಅವರ ಇಟ್ಟಿಗೆಯ ಕೆಲಸದಲ್ಲಿ ಸಹಾಯಕರು ಇಲ್ಲವಾಗಲಿಲ್ಲ. ಇಟ್ಟಿಗೆಯನ್ನು ಆರಿಸಿ ಜೋಡಿಸುವ ಕೆಲಸ ಅವರ ಕೈಗೆ ಬಂತು. ಜೇಬುಗಳನ್ನು ಒಂದೇ ಮುಖವಾಗಿ ಜೋಡಿಸುವುದು, ರಿವಿಟ್‌ಗಳನ್ನು ತಟ್ಟೆಯಲ್ಲಿ ಸಾಲಾಗಿ ಇಡುವುದು, ಬಾಬಿನ್ ಸುತ್ತಿ ಸಿದ್ಧವಾಗಿಡುವುದು, ಪೀಸ್ ವಾಷಿಂಗಿಗೆ ಹೋಗುವ ಮುನ್ನ ತಪ್ಪು ಹೊಲಿಗೆ ಹಿಡಿಯುವುದು ಹೊಸದಾಗಿ ಹುಟ್ಟುವ ಕೆಲಸಗಳು, ಮತ್ತು ಬಂಡಲ್ ಹೊರುವುದಕ್ಕಿಂತ ಹೆಚ್ಚು ಕೂಲಿಗೆ ಅರ್ಹವಾದವು. ಆದರೆ ಅದು ತಾನಾಗಿ ಆಗುವುದಿಲ್ಲ. ಯಾವ ಹೆಲ್ಪರ್‌ಗೆ ಯಾವ ಕೆಲಸ, ಯಾವ ಕೂಲಿ ಎಂಬುದನ್ನು ಮಷಿನ್ ಸರಿಸುವ ಮುನ್ನ ಅವರ ಎದುರಿಗೇ ತೀರ್ಮಾನಿಸಿ ಬರೆದಿಡಬೇಕು. ಮತ್ತು ದಾರದ ನಕ್ಷೆ ಮಾಡುವಾಗ ದಾರ ಸುತ್ತುವ ಕೆಲಸವನ್ನು ಆ ಅಕ್ಕನಿಗೇ ಕೊಡಬೇಕು, ಏಕೆಂದರೆ ಆ ಕೋಣೆಯಲ್ಲಿ ಯಾವ ನಡಿಗೆ ದಂಡ, ಯಾವುದು ಬೇಕಾದದ್ದು ಎಂಬುದು ಅವರಿಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿರುವುದಿಲ್ಲ.